ಗಾಳಿಯಂತ್ರಗಳಿಂದ ಹಕ್ಕಿ, ಬಾವಲಿ, ಕಾಡುಪ್ರಾಣಿಗಳಿಗೆ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗದ ಹೆದ್ದಾರಿಯಲ್ಲಿ ಓಡಾಡಿದವರಿಗೆ, ಗದಗಿನ ಕಪ್ಪತಗುಡ್ಡ ನೋಡಿದವರಿಗೆ ಗಾಳಿಯಂತ್ರಗಳನ್ನು ಪರಿಚಯ ಮಾಡಿಕೊಡಬೇಕಿಲ್ಲ. ಊರವರ ಬಾಯಲ್ಲಿ ಅವು ‘ಫ್ಯಾನು’. 2024-25ರಲ್ಲಿ ಕರ್ನಾಟಕ 1,331 ಮೆಗಾವ್ಯಾಟ್ ಹೊಸ ಪವನ ವಿದ್ಯುತ್ ಸಾಮರ್ಥ್ಯ ಸೇರಿಸಿ, ಆ ವರ್ಷದ ಲೆಕ್ಕದಲ್ಲಿ ದೇಶಕ್ಕೇ ಮೊದಲು ಬಂತು. ಅಂದರೆ ಫ್ಯಾನುಗಳು ಇನ್ನೂ ಬರುತ್ತವೆ. ಜೊತೆಗೇ ಎರಡು ಮಾತುಗಳೂ ಬರುತ್ತವೆ. ‘ಇವು ಹಕ್ಕಿಗಳ ಕಸಾಯಿಖಾನೆ’ ಅನ್ನುವ ವಾಟ್ಸಾಪ್ ಫಾರ್ವರ್ಡ್ ಒಂದು ಕಡೆ. ‘ಹೊಗೆ ಇಲ್ಲ, ಧೂಳಿಲ್ಲ, ಯಾರಿಗೂ ತೊಂದರೆ ಇಲ್ಲ’ ಅನ್ನುವ ಕಂಪನಿ ಕರಪತ್ರ ಇನ್ನೊಂದು ಕಡೆ. ಎರಡನ್ನೂ ಪಕ್ಕಕ್ಕಿಟ್ಟು ಒಂದೊಂದೇ ಪ್ರಶ್ನೆ ನೋಡೋಣ.

ಗಾಳಿಯಂತ್ರಕ್ಕೆ ಬಡಿದು ಹಕ್ಕಿಗಳು ಸಾಯುವುದು ನಿಜವೇ?

ನಿಜ. ಅದರಲ್ಲಿ ಅನುಮಾನ ಇಲ್ಲ. ಯಂತ್ರದ ತಿರುಗುವ ರೆಕ್ಕೆಗೆ ಬಡಿದು ಸಾಯುತ್ತವೆ, ಕೆಲವೊಮ್ಮೆ ಕಂಬಕ್ಕೇ ಬಡಿಯುತ್ತವೆ. ಅಲ್ಲಿಂದ ಕರೆಂಟ್ ಸಾಗಿಸುವ ತಂತಿಗೆ ಬಡಿದೂ ಸಾಯುತ್ತವೆ. ಆದರೆ ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಅಲ್ಲ. ಒಂದು ಸಾಲಿನ ಹತ್ತು ಯಂತ್ರಗಳಲ್ಲಿ ಎಂಟರ ಕೆಳಗೆ ವರ್ಷವಿಡೀ ಏನೂ ಸಿಗದೆ, ಉಳಿದೆರಡರ ಕೆಳಗೇ ಮತ್ತೆ ಮತ್ತೆ ಸಿಗುವುದುಂಟು. ಈ ವಿಷಯದಲ್ಲಿ ತಿಳಿದುಕೊಳ್ಳಬೇಕಾದ್ದರಲ್ಲಿ ಮುಕ್ಕಾಲು ಪಾಲು ‘ಆ ಎರಡು ಯಾಕೆ?’ ಅನ್ನುವುದರಲ್ಲೇ ಇದೆ.

ಅಷ್ಟು ನಿಧಾನ ತಿರುಗುತ್ತೆ, ಹಕ್ಕಿಗೆ ಕಾಣಿಸಲ್ವಾ?

ದೂರದಿಂದ ನೋಡುವ ನಮಗೆ ನಿಧಾನ. ಲೆಕ್ಕ ಹಾಕಿ ನೋಡಿ. 120 ಮೀಟರ್ ವ್ಯಾಸದ ಚಕ್ರ ನಿಮಿಷಕ್ಕೆ 12 ಸುತ್ತು ಹಾಕಿದರೆ, ಒಂದು ಸುತ್ತಿಗೆ 5 ಸೆಕೆಂಡು. ಅಷ್ಟರಲ್ಲಿ ರೆಕ್ಕೆಯ ತುದಿ ಸುಮಾರು 377 ಮೀಟರ್ ಓಡಿರುತ್ತದೆ. ಅಂದರೆ ಗಂಟೆಗೆ 270 ಕಿಲೋಮೀಟರ್. ಹತ್ತಿರ ಹೋದ ಹಕ್ಕಿಯ ಕಣ್ಣಿಗೆ ಅದು ರೆಕ್ಕೆಯಾಗಿ ಕಾಣದೆ ಬರೀ ಮಸುಕಾಗುತ್ತದೆ, ಜೋರಾಗಿ ತಿರುಗುವ ಸೀಲಿಂಗ್ ಫ್ಯಾನಿನ ಹಾಗೆ.

ಇನ್ನೊಂದು ಕಾರಣ ಹದ್ದು, ರಣಹದ್ದುಗಳ ಕಣ್ಣಿನಲ್ಲೇ ಇದೆ. ಅವು ಹಾರುವಾಗ ತಲೆ ಬಗ್ಗಿಸಿ ನೆಲ ನೋಡುತ್ತವೆ. ಬೇಟೆ, ಸತ್ತ ಪ್ರಾಣಿ ಎಲ್ಲ ಇರುವುದು ಕೆಳಗೇ ಅಲ್ವಾ. ರಣಹದ್ದುಗಳ ದೃಷ್ಟಿಯನ್ನು ಅಳೆದು ನೋಡಿದಾಗ ಗೊತ್ತಾಗಿದ್ದೇನೆಂದರೆ, ಹಾಗೆ ತಲೆ ಬಗ್ಗಿಸಿದಾಗ ಅವು ಹೋಗುತ್ತಿರುವ ದಿಕ್ಕೇ ಅವಕ್ಕೆ ಕಾಣುವುದಿಲ್ಲ. ಲಕ್ಷಾಂತರ ವರ್ಷ ಆಕಾಶದಲ್ಲಿ ಎದುರಿಗೆ ಏನೂ ಇರಲಿಲ್ಲ, ನೋಡುವ ಅಗತ್ಯವೂ ಬಂದಿರಲಿಲ್ಲ.

ನಮ್ಮಲ್ಲಿ ಒಂದು ಯಂತ್ರಕ್ಕೆ ಎಷ್ಟು ಹಕ್ಕಿ ಸಾಯುತ್ತವೆ?

ನಮ್ಮಲ್ಲೇ ಮಾಡಿದ ಅಧ್ಯಯನಗಳು ಕೆಲವಿವೆ. ಗುಜರಾತಿನ ಕಛ್ ಮತ್ತು ನಮ್ಮ ದಾವಣಗೆರೆಯಲ್ಲಿ ನಡೆದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಕಛ್‌ನಲ್ಲಿ ಮೂರು ವರ್ಷದಲ್ಲಿ 47 ಹಕ್ಕಿಗಳ ಕಳೇಬರ ಸಿಕ್ಕವು. ದಾವಣಗೆರೆಯಲ್ಲಿ ಒಂದು ವರ್ಷದಲ್ಲಿ 7. ಒಂದು ಯಂತ್ರಕ್ಕೆ ವರ್ಷಕ್ಕೆ ಇಷ್ಟು ಅಂತ ಅಂದಾಜು ಹಾಕಿದಾಗ ಎರಡೂ ಕಡೆ ಅರ್ಧ ಹಕ್ಕಿಗಿಂತ ಸ್ವಲ್ಪ ಕಮ್ಮಿ ಬಂತು: 0.478 ಮತ್ತು 0.466. ಕೊಯಮತ್ತೂರಿನ ಸಲೀಂ ಅಲಿ ಪಕ್ಷಿವಿಜ್ಞಾನ ಕೇಂದ್ರದವರು ಕರ್ನಾಟಕದ ಹಳೆಯ ಗಾಳಿಯಂತ್ರ ತಾಣಗಳಲ್ಲಿ ಮಾಡಿದ ಇನ್ನೊಂದು ಅಧ್ಯಯನ 2022ರಲ್ಲಿ ಬಂತು. ಅದರಲ್ಲಿ ಹಕ್ಕಿ, ಬಾವಲಿ ಎರಡೂ ಸೇರಿ ಯಂತ್ರಕ್ಕೆ ವರ್ಷಕ್ಕೆ 0.26.

ಅಂದರೆ ನಾಲ್ಕು ಯಂತ್ರಕ್ಕೆ ವರ್ಷಕ್ಕೊಂದು ಜೀವ, ಅಥವಾ ಎರಡು ಯಂತ್ರಕ್ಕೊಂದು. ‘ಇಷ್ಟೇನಾ?’ ಅನ್ನಿಸಬಹುದು. ಈ ಸಂಖ್ಯೆಯನ್ನು ಎರಡು ಕಡೆಯವರೂ ತಮಗೆ ಬೇಕಾದ ಹಾಗೆ ಎಳೆದಾಡುತ್ತಾರೆ. ಅದಕ್ಕೆ ಮೊದಲು ಲೆಕ್ಕ ಹೇಗೆ ಹಾಕುತ್ತಾರೆ ಅಂತ ತಿಳಿದುಕೊಂಡರೆ ಒಳ್ಳೆಯದು.

ಸತ್ತ ಹಕ್ಕಿಗಳನ್ನು ಎಣಿಸುವುದು ಹೇಗೆ? ಆ ಲೆಕ್ಕ ನಂಬಬಹುದಾ?

ಕಂಬದ ಬುಡದಿಂದ ಇಷ್ಟು ಮೀಟರ್ ಅಂತ ಗಡಿ ಹಾಕಿಕೊಂಡು, ಆ ಜಾಗದಲ್ಲಿ ಸಾಲು ಹಿಡಿದು ನಡೆಯುತ್ತಾರೆ. ಕಣ್ಣು ನೆಲದ ಮೇಲೆ. ಕೆಲವು ದಿನ ಬಿಟ್ಟು ಮತ್ತೆ ಅದೇ ಜಾಗ, ಅದೇ ನಡಿಗೆ. ಪೂರ್ತಿ ಹಕ್ಕಿಯೇ ಸಿಗಬೇಕೆಂದಿಲ್ಲ. ಒಂದು ರೆಕ್ಕೆ ಸಿಗುತ್ತದೆ, ಇಲ್ಲವೇ ಒಂದು ಕಡೆ ಉದುರಿದ ಪುಕ್ಕದ ಗುಡ್ಡೆ. ಅದರ ಮೇಲೇ ಯಾವ ಹಕ್ಕಿ ಅಂತ ಗುರುತಿಸಬೇಕು.

ಈಗ ನಮ್ಮ ಹೊಲಗಳನ್ನು ನೆನೆಸಿಕೊಳ್ಳಿ. ಎರೆ ಭೂಮಿ, ಎದೆ ಮಟ್ಟ ಬೆಳೆದ ಜೋಳ. ಅದರೊಳಗೆ ಗುಬ್ಬಚ್ಚಿ ಗಾತ್ರದ ಹಕ್ಕಿ ಬಿದ್ದರೆ ಯಾರಿಗೆ ಕಾಣಬೇಕು? ಬಂಡೆ, ಕುರುಚಲು ಇರುವ ಗುಡ್ಡದ ಇಳಿಜಾರಿನಲ್ಲಿ ಬಿದ್ದರಂತೂ ಕೇಳಲೇಬೇಡಿ. ಅದಕ್ಕೂ ಮೊದಲು ಊರ ನಾಯಿ, ನರಿ, ಮುಂಗುಸಿ, ಕಾಗೆ ಬಂದು ಹೋಗಿರುತ್ತವೆ.

ಇದನ್ನು ಸರಿದೂಗಿಸಲು ಒಂದು ಉಪಾಯ ಇದೆ. ಅಧ್ಯಯನ ಮಾಡುವವರು ತಾವೇ ಕೆಲವು ಕಳೇಬರಗಳನ್ನು ಅಲ್ಲಲ್ಲಿ ಇಟ್ಟು ಬರುತ್ತಾರೆ. ಎಷ್ಟು ದಿನದಲ್ಲಿ ಮಾಯವಾಗುತ್ತವೆ, ಹುಡುಕುವವರ ಕಣ್ಣಿಗೆ ಅವುಗಳಲ್ಲಿ ಎಷ್ಟು ಬೀಳುತ್ತವೆ ಅಂತ ನೋಡಿ, ಸಿಕ್ಕ ಸಂಖ್ಯೆಯನ್ನು ಹಿಗ್ಗಿಸುತ್ತಾರೆ. ಹಾಗಾಗಿ ‘ನಮ್ಮ ಸೆಕ್ಯುರಿಟಿಯವರು ವರ್ಷದಲ್ಲಿ ಒಂದೂ ಸತ್ತ ಹಕ್ಕಿ ನೋಡಿಲ್ಲ’ ಅಂತ ಯಾರಾದರೂ ಹೇಳಿದರೆ ಅದು ಸುಳ್ಳೇ ಇರಬೇಕೆಂದಿಲ್ಲ. ಆದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

ಬೆಕ್ಕು, ಕಟ್ಟಡದ ಗಾಜು ಇದಕ್ಕಿಂತ ಜಾಸ್ತಿ ಹಕ್ಕಿ ಕೊಲ್ಲುತ್ತವಂತಲ್ಲ?

ಹೌದು, ಎಷ್ಟೋ ಪಟ್ಟು ಜಾಸ್ತಿ. ಅಮೆರಿಕದ ಅಂದಾಜುಗಳಲ್ಲಿ ಬೆಕ್ಕುಗಳ ಪಾಲು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿ. ಕಟ್ಟಡಗಳಿಗೆ ಬಡಿದು ಸಾಯುವವು 36 ಕೋಟಿಯಿಂದ 99 ಕೋಟಿಯ ನಡುವೆ. ಗಾಳಿಯಂತ್ರಗಳದ್ದು, 2012ರ ಹೊತ್ತಿಗೆ ಇದ್ದ ಯಂತ್ರಗಳ ಲೆಕ್ಕದಲ್ಲಿ, 1.4 ಲಕ್ಷದಿಂದ 3.3 ಲಕ್ಷ. ಗಾಳಿ ವಿದ್ಯುತ್ತಿನ ಪರವಾಗಿ ಮಾತಾಡುವವರು ಈ ಹೋಲಿಕೆ ಬಿಟ್ಟು ಮಾತಾಡುವುದೇ ಇಲ್ಲ.

ಸಂಖ್ಯೆ ಸರಿ ಇದೆ, ವಾದ ಮಾತ್ರ ಸರಿ ಇಲ್ಲ. ಬೆಕ್ಕಿನ ಬಾಯಿಗೆ ಹದ್ದು ಸಿಗುವುದಿಲ್ಲ. ಗೊರವಂಕ ಒಂದು ಸಲಕ್ಕೆ ನಾಲ್ಕೈದು ಮೊಟ್ಟೆ ಇಡುತ್ತದೆ, ವರ್ಷದಲ್ಲಿ ಎರಡು ಸಲ ಮರಿ ಮಾಡುವುದೂ ಉಂಟು. ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ, ಆ ಮರಿ ದೊಡ್ಡದಾಗಿ ತಾನು ಗೂಡು ಕಟ್ಟಲು ಐದು ವರ್ಷದ ಹತ್ತಿರ ಬೇಕು. ನೂರು ಗೊರವಂಕ ಸತ್ತರೆ ಮುಂದಿನ ಮಳೆಗಾಲದಲ್ಲಿ ಜಾಗ ತುಂಬುತ್ತದೆ. ಒಂದು ಗುಡ್ಡದ ಎರಡು ಹದ್ದು ಸತ್ತರೆ ಆ ಗುಡ್ಡ ವರ್ಷಗಟ್ಟಲೆ ಖಾಲಿ. ಹಾಗಾಗಿ ‘ಎಷ್ಟು’ ಅನ್ನುವುದಕ್ಕಿಂತ ‘ಯಾವುದು’ ಅನ್ನುವುದನ್ನು ಮೊದಲು ಕೇಳಬೇಕು.

ಯಾವ ಹಕ್ಕಿಗಳಿಗೆ ಅಪಾಯ ಜಾಸ್ತಿ?

ಹದ್ದು, ಗಿಡುಗ, ರಣಹದ್ದಿನಂತಹ ಬೇಟೆಗಾರ ಹಕ್ಕಿಗಳಿಗೆ. ಗಾಳಿ ಗುಡ್ಡಕ್ಕೆ ಬಡಿದು ಮೇಲಕ್ಕೇಳುವ ಕಡೆ ಇವು ರೆಕ್ಕೆ ಬಡಿಯದೆ ತೇಲುತ್ತವೆ. ಅದೇ ಗಾಳಿ ನೋಡಿಯೇ ಕಂಪನಿಗಳೂ ಗುಡ್ಡದ ನೆತ್ತಿ ಹುಡುಕುವುದು. ಇಬ್ಬರಿಗೂ ಬೇಕಾದ್ದು ಒಂದೇ ಜಾಗ.

ಎರಡನೆಯದು, ಭಾರೀ ಗಾತ್ರದ, ಗಾಳಿಯಲ್ಲಿ ಥಟ್ಟನೆ ತಿರುಗಲಾಗದ ಹಕ್ಕಿಗಳು: ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್), ಕೊಕ್ಕರೆ, ಹೆಬ್ಬಾತು. ಮೂರನೆಯದು, ದಿನಾ ಒಂದೇ ದಾರಿಯಲ್ಲಿ ಹೋಗಿ ಬರುವ ಗುಂಪುಗಳು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ, ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಹೆಬ್ಬಾತುಗಳು ಕೆರೆಯಲ್ಲೇ ಕೂತಿರುವುದಿಲ್ಲ. ಮೇಯಲು ಸುತ್ತಲಿನ ಹೊಲಗಳಿಗೆ ಹೋಗುತ್ತವೆ, ಮತ್ತೆ ಕೆರೆಗೆ ಮರಳುತ್ತವೆ. ಅಂತಹ ಕೆರೆಯನ್ನು ಉಳಿಸುವುದು ಅಂದರೆ ಆ ದಾರಿಯನ್ನೂ ಉಳಿಸುವುದು. ನಕಾಶೆಯಲ್ಲಿ ಕೆರೆಗೆ ಗಡಿ ಹಾಕುವುದು ಸುಲಭ, ಆಕಾಶದ ದಾರಿಗೆ ಯಾರೂ ಹಾಕುವುದಿಲ್ಲ.

ಚಳಿಗಾಲದಲ್ಲಿ ಬರುವ ಸೆಳೆವ (ಇಂಗ್ಲಿಷಿನಲ್ಲಿ ಹ್ಯಾರಿಯರ್) ಅನ್ನುವ ಬೇಟೆಗಾರ ಹಕ್ಕಿಗಳನ್ನೂ ಇಲ್ಲಿ ಹೇಳಬೇಕು. ಹಗಲು ಹೊಲ, ಹುಲ್ಲುಗಾವಲಿನ ಮೇಲೆ ಒಂದೊಂದೇ ಹಾರಾಡುತ್ತವೆ. ಸಂಜೆಯಾದರೆ ಎಲ್ಲ ಒಂದೇ ಹುಲ್ಲುಗಾವಲಿಗೆ ಬಂದು ನೆಲದ ಮೇಲೆ ಮಲಗುತ್ತವೆ. ಅಂತಹ ಜಾಗದ ಪಕ್ಕ ಯಂತ್ರ ಬಂದರೆ ಇಡೀ ಬಯಲಿನ ಸೆಳೆವಗಳಿಗೆ ತೊಂದರೆ.

ಎರ್ಲಡ್ಡು ಅಳಿಯುತ್ತಿರುವುದು ಗಾಳಿಯಂತ್ರದಿಂದಲೇ?

ಪೂರ್ತಿ ಅಲ್ಲ. ಬೇಟೆ, ಹುಲ್ಲುಗಾವಲು ಉಳುಮೆಯಾಗಿದ್ದು, ಮೊಟ್ಟೆ ತಿನ್ನುವ ನಾಯಿಗಳು, ಇವೆಲ್ಲ ಮೊದಲೇ ಹೊಡೆತ ಕೊಟ್ಟಿದ್ದವು. ಗ್ರೇಟ್ ಇಂಡಿಯನ್ ಬಸ್ಟರ್ಡ್ ಅಂತ ಪತ್ರಿಕೆಗಳಲ್ಲಿ ಓದುವ ಈ ಹಕ್ಕಿ ಈಗ ದೇಶದಲ್ಲಿ 150ರ ಆಸುಪಾಸು ಉಳಿದಿದೆ, ಬಹುಪಾಲು ರಾಜಸ್ಥಾನದ ಥಾರ್‌ನಲ್ಲಿ. ನಮ್ಮಲ್ಲಿ ರಾಣೆಬೆನ್ನೂರಿನ ಬಯಲಿನಲ್ಲಿ ಒಂದು ಕಾಲಕ್ಕೆ ಇತ್ತು. ಈಗ ಬಳ್ಳಾರಿಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು.

ಇವತ್ತು ಇದನ್ನು ಕೊಲ್ಲುತ್ತಿರುವುದರಲ್ಲಿ ದೊಡ್ಡದು ತಂತಿ. ಗಂಡು ಹಕ್ಕಿ 15 ಕಿಲೋವರೆಗೂ ತೂಗುತ್ತದೆ. ಎದುರಿನದು ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಕಂಡಾಗ ತಪ್ಪಿಸಿಕೊಳ್ಳುವಷ್ಟು ಚುರುಕೂ ಇಲ್ಲ. ಭಾರತೀಯ ವನ್ಯಜೀವಿ ಸಂಸ್ಥೆಯವರು ಥಾರ್‌ನ 4,200 ಚದರ ಕಿಲೋಮೀಟರ್‌ನಲ್ಲಿ ಹೈಟೆನ್ಷನ್ ತಂತಿಗಳ ಕೆಳಗೆ ನಡೆದು ಹುಡುಕಿ, ವರ್ಷಕ್ಕೆ ಸುಮಾರು 84,000 ಹಕ್ಕಿಗಳು ಸಾಯುತ್ತಿವೆ ಅಂತ ಅಂದಾಜು ಹಾಕಿದರು. ಎಲ್ಲ ಜಾತಿ ಸೇರಿ.

ಈ ವಿಷಯ ಸುಪ್ರೀಂ ಕೋರ್ಟ್‌ಗೂ ಹೋಯಿತು. 2021ರ ಏಪ್ರಿಲ್‌ನಲ್ಲಿ ಕೋರ್ಟ್, ಎರ್ಲಡ್ಡು ಇರುವ ಕಡೆ ಸಾಧ್ಯವಾದಲ್ಲೆಲ್ಲ ತಂತಿ ನೆಲದೊಳಗೆ ಹಾಕಿ, ಉಳಿದ ಕಡೆ ಹಕ್ಕಿಗೆ ಕಾಣುವ ಹಾಗೆ ಬರ್ಡ್ ಡೈವರ್ಟರ್ ತೂಗುಹಾಕಿ ಅಂತ ಹೇಳಿತು. ಸೋಲಾರ್, ಪವನ ವಿದ್ಯುತ್ತಿಗೆ ಅಡ್ಡಿಯಾಗುತ್ತದೆ ಅಂತ ಸರ್ಕಾರ ಮತ್ತೆ ಹೋಯಿತು. 2024ರ ಮಾರ್ಚ್‌ನಲ್ಲಿ ಕೋರ್ಟ್ ಆ ಒಟ್ಟಾರೆ ಆದೇಶ ಸಡಿಲಿಸಿ, ಎಲ್ಲಿ ಏನು ಮಾಡಬೇಕು ಅಂತ ನೋಡಲು ತಜ್ಞರ ಸಮಿತಿ ಮಾಡಿತು.

ಯಂತ್ರದ ಬಗ್ಗೆ ಮಾತಾಡುವಾಗ ತಂತಿಯನ್ನು ಮರೆಯುವುದೇ ಜಾಸ್ತಿ. ಯಂತ್ರ ನಿಂತಲ್ಲೇ ನಿಂತಿರುತ್ತದೆ. ತಂತಿ ಹತ್ತಾರು ಕಿಲೋಮೀಟರ್ ಹೋಗುತ್ತದೆ.

ಬಾವಲಿಗಳಿಗೆ ಕತ್ತಲಲ್ಲೂ ದಾರಿ ಗೊತ್ತಾಗುತ್ತೆ, ಅವು ಯಾಕೆ ಸಾಯುತ್ತವೆ?

ಅದೇ ವಿಚಿತ್ರ. ಬಾವಲಿ ತನ್ನ ಕೂಗಿನ ಪ್ರತಿಧ್ವನಿ ಕೇಳಿ ದಾರಿ ಕಂಡುಕೊಳ್ಳುತ್ತದೆ, ಆದರೆ ಆ ಶಬ್ದ ಹೆಚ್ಚು ದೂರ ಮುಟ್ಟುವುದಿಲ್ಲ. ಮೇಲಿಂದ ಬೀಸಿ ಬರುವ ರೆಕ್ಕೆಯ ತುದಿ ಅಷ್ಟರಲ್ಲಿ ಮೈಮೇಲೆ ಬಂದಿರುತ್ತದೆ. ಹಕ್ಕಿಗಳು ಬಹುತೇಕ ಯಂತ್ರದಿಂದ ದೂರ ಸರಿಯುತ್ತವೆ. ಕೆಲವು ಬಾವಲಿಗಳು ಮಾತ್ರ ತಾವಾಗಿಯೇ ಹತ್ತಿರ ಬರುತ್ತವೆ. ಕಂಬವನ್ನು ಎತ್ತರದ ಮರ ಅಂದುಕೊಳ್ಳುತ್ತವೆಯೋ, ಅಲ್ಲಿ ಸೇರುವ ಹುಳಕ್ಕೆ ಬರುತ್ತವೆಯೋ, ಎರಡೂ ಇರಬಹುದು ಅನ್ನುತ್ತಾರೆ. ಉತ್ತರ ಅಮೆರಿಕದಲ್ಲಿ ಹಕ್ಕಿಗಿಂತ ಬಾವಲಿಗಳ ಸಾವೇ ದೊಡ್ಡ ತಲೆನೋವು.

ಬಹಳಷ್ಟು ಬಾವಲಿಗಳು ವರ್ಷಕ್ಕೆ ಒಂದೇ ಮರಿ ಹಾಕುತ್ತವೆ, ಹಾಗಾಗಿ ರಣಹದ್ದಿನ ಲೆಕ್ಕವೇ ಇಲ್ಲೂ. ಆದರೆ ಇದಕ್ಕೆ ಪರಿಹಾರ ಸುಲಭವಿದೆ. ಬಾವಲಿ ಜಾಸ್ತಿ ಹಾರಾಡುವುದು ಗಾಳಿ ಕಮ್ಮಿ ಇರುವ ರಾತ್ರಿ. ಆಗ ಯಂತ್ರದಿಂದ ಬರುವ ಕರೆಂಟೂ ಅಷ್ಟಕ್ಕಷ್ಟೇ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಬಾವಲಿಗಳು ಜಾಸ್ತಿ ಹಾರುವ ತಿಂಗಳುಗಳ ರಾತ್ರಿ, ಗಾಳಿ ಸೆಕೆಂಡಿಗೆ 5 ಮೀಟರ್‌ಗೋ 6.5 ಮೀಟರ್‌ಗೋ ಏರುವವರೆಗೆ ಯಂತ್ರ ತಿರುಗದ ಹಾಗೆ ಮಾಡಿ ನೋಡಿದರು. ಬಾವಲಿ ಸಾವು ಶೇ 44ರಿಂದ 93ರಷ್ಟು ಇಳಿಯಿತು. ವರ್ಷದ ಉತ್ಪಾದನೆಯಲ್ಲಿ ಕಳೆದುಕೊಂಡಿದ್ದು ಶೇ 1ಕ್ಕಿಂತ ಕಮ್ಮಿ.

ಗಾಳಿಯಂತ್ರ ಬಂದ ಮೇಲೆ ಓತಿಕ್ಯಾತ ಜಾಸ್ತಿಯಾದವು ಅಂತ ಓದಿದೆ. ಏನದು ಕತೆ?

ಈ ವಿಷಯದಲ್ಲಿ ನಮ್ಮ ದೇಶದಿಂದ ಬಂದ ಅತ್ಯಂತ ಸ್ವಾರಸ್ಯದ ಅಧ್ಯಯನ ಇದೇ. ಮಹಾರಾಷ್ಟ್ರದ ಸಾತಾರಾ ಹತ್ತಿರ ಚಾಳ್ಕೇವಾಡಿ ಅನ್ನುವ ಎತ್ತರದ ಬಯಲಿದೆ, ಪಶ್ಚಿಮ ಘಟ್ಟದ ನೆತ್ತಿಯಲ್ಲಿ. ಅಲ್ಲಿ ಗಾಳಿಯಂತ್ರಗಳು ಬಂದು ಹದಿನಾರು-ಇಪ್ಪತ್ತು ವರ್ಷ ಆಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾರಿಯಾ ಠಾಕರ್ ಮತ್ತು ಜೊತೆಗಾರರು ಯಂತ್ರ ಇರುವ ಜಾಗವನ್ನೂ ಪಕ್ಕದ ಯಂತ್ರ ಇಲ್ಲದ ಜಾಗವನ್ನೂ ಹೋಲಿಸಿದರು. ಫಲಿತಾಂಶ 2018ರಲ್ಲಿ ಪ್ರಕಟವಾಯಿತು.

ಯಂತ್ರ ಇರುವ ಕಡೆ ಬೇಟೆಗಾರ ಹಕ್ಕಿಗಳು ನಾಲ್ಕು ಪಟ್ಟು ಕಮ್ಮಿ. ಅವು ಅಷ್ಟೂ ಸತ್ತಿರಬೇಕೆಂದಿಲ್ಲ, ಆ ಕಡೆ ಬರುವುದನ್ನೇ ಬಿಟ್ಟಿದ್ದವು. ಹಿಡಿದು ತಿನ್ನುವವರಿಲ್ಲದ ಮೇಲೆ ನೆಲದಲ್ಲಿ ಓತಿಕ್ಯಾತಗಳು ಜಾಸ್ತಿಯಾದವು.

ಅಲ್ಲಿನ ಓತಿಕ್ಯಾತ ಸಾಮಾನ್ಯದ್ದಲ್ಲ. ಗಂಡಿನ ಗಂಟಲ ಕೆಳಗೆ ಬೀಸಣಿಗೆಯಂತೆ ಬಿಚ್ಚುವ ಚರ್ಮ ಇರುತ್ತದೆ, ನೀಲಿ, ಕಪ್ಪು, ಕಿತ್ತಳೆ ಬಣ್ಣದ್ದು. ಕಲ್ಲಿನ ಮೇಲೆ ಹತ್ತಿ ನಿಂತು, ಹೆಣ್ಣಿಗೆ ತೋರಿಸಲು, ಬೇರೆ ಗಂಡನ್ನು ಹೆದರಿಸಲು ಅದನ್ನು ಪಟಪಟ ಬಿಚ್ಚುತ್ತದೆ. ಯಂತ್ರ ಇರುವ ಕಡೆಯ ಗಂಡುಗಳಲ್ಲಿ ಆ ಬಣ್ಣ ಮಂಕಾಗಿತ್ತು. ಸಂಖ್ಯೆ ಜಾಸ್ತಿಯಾದಾಗ ಇರುವ ಹುಳವನ್ನೇ ಎಲ್ಲರೂ ಹಂಚಿಕೊಳ್ಳಬೇಕಲ್ಲ. ಮೈಯೂ ಸೊರಗಿತ್ತು. ರಕ್ತದಲ್ಲಿ ಒತ್ತಡದ ಹಾರ್ಮೋನು ಕಮ್ಮಿ ಇತ್ತು. ಮನುಷ್ಯರು ಹತ್ತಿರ ಹೋದರೂ ಬೇಗ ಓಡುತ್ತಿರಲಿಲ್ಲ, ಮೇಲಿಂದ ಯಾರೂ ಎರಗದ ಕಡೆ ಹೆದರಿಕೆ ಯಾಕೆ?

ಕಂಬದ ಕೆಳಗೆ ಸತ್ತ ಹಕ್ಕಿ ಎಣಿಸುತ್ತ ಕೂತಿದ್ದರೆ ಇದರಲ್ಲಿ ಒಂದೂ ಗೊತ್ತಾಗುತ್ತಿರಲಿಲ್ಲ. ನನ್ನನ್ನು ಕೇಳಿದರೆ, ‘ಯಂತ್ರಕ್ಕೆ ಎಷ್ಟು ಹಕ್ಕಿ’ ಅನ್ನುವ ಲೆಕ್ಕಕ್ಕಿಂತ ಈ ಓತಿಕ್ಯಾತನ ಗಂಟಲೇ ಹೆಚ್ಚು ಹೇಳುತ್ತದೆ.

ತೋಳ, ನರಿ, ಕೃಷ್ಣಮೃಗ, ಚಿಂಕಾರಗಳಿಗೆ ಏನು ತೊಂದರೆ? ಅವು ಹಾರುವುದಿಲ್ಲವಲ್ಲ.

ಹಾರುವುದಿಲ್ಲ, ಆದರೆ ಕೇಳಿಸಿಕೊಳ್ಳುತ್ತವೆ. 2022ರಲ್ಲಿ ಬಂದ ಅದೇ ಕರ್ನಾಟಕದ ಅಧ್ಯಯನದಲ್ಲಿ ದೊಡ್ಡ ಸಸ್ಯಾಹಾರಿ ಪ್ರಾಣಿಗಳು ಯಂತ್ರಗಳಿಂದ ದೂರ ಉಳಿದಿದ್ದು ಕಂಡಿತು. ಬೇಟೆಯಾಡುವ ಪ್ರಾಣಿಗಳು ಮಾತ್ರ ಯಂತ್ರದ ಹತ್ತಿರವೂ ಓಡಾಡುತ್ತಿದ್ದವು. ಯಂತ್ರ ತಿರುಗುವಾಗ ಹತ್ತಿರದ ಸದ್ದು 85 ಡೆಸಿಬಲ್‌ವರೆಗೂ ಇತ್ತು. ಸುತ್ತಲಿನ ಸಹಜ ಸದ್ದಿಗಿಂತ ಬಹಳ ಜಾಸ್ತಿ. ಜಿಂಕೆಯಂತಹ ಪ್ರಾಣಿ ಬದುಕುವುದೇ ಕಿವಿಯ ಮೇಲೆ. ಹಿಂದಿನಿಂದ ಬರುವ ಹೆಜ್ಜೆ ಕೇಳಿಸದ ಕಡೆ ಅದು ನೆಮ್ಮದಿಯಾಗಿ ಮೇಯಲಾರದು.

ಆದರೆ ನೆಲದ ಪ್ರಾಣಿಗಳಿಗೆ ಯಂತ್ರಕ್ಕಿಂತ ದೊಡ್ಡ ಪೆಟ್ಟು ರಸ್ತೆಯದು. ಅರವತ್ತು ಮೀಟರ್ ಉದ್ದದ ರೆಕ್ಕೆ ಹೊತ್ತ ಟ್ರೇಲರ್ ಗುಡ್ಡ ಹತ್ತಬೇಕು ಅಂದರೆ ಕಾಲುದಾರಿ ಸಾಲದು. ಅಗಲ ಮಾಡಬೇಕು, ತಿರುವು ಕಡಿಯಬೇಕು, ಇಳಿಜಾರಿಗೆ ಜೆಸಿಬಿ ಹಾಕಬೇಕು. ಮಳೆ ಬಂದಾಗ ಆ ಸಡಿಲ ಮಣ್ಣು ಹಳ್ಳಕ್ಕೆ. ಯಂತ್ರ ನಿಂತ ಮೇಲೂ ರಸ್ತೆ ಉಳಿಯುತ್ತದೆ. ಬೈಕು ಬರುತ್ತದೆ, ನಾಯಿ ಬರುತ್ತದೆ, ಕಳೆ ಗಿಡ ಬರುತ್ತದೆ, ಬೇಸಿಗೆಯಲ್ಲಿ ಬೆಂಕಿಯೂ ಬರುತ್ತದೆ. ಮೊದಲು ಕುರಿಗಾಹಿಗಳಷ್ಟೇ ಹತ್ತುತ್ತಿದ್ದ ಗುಡ್ಡಕ್ಕೆ ರಾತ್ರಿಯೂ ಗಾಡಿ ಓಡಾಡುವ ಹಾಗಾಗುತ್ತದೆ.

ಕಾಡಿನಲ್ಲಿ ಹಾಕಬೇಡಿ ಸರಿ. ಬಂಜರು ಭೂಮಿಯಲ್ಲಿ ಹಾಕಿದರೆ ಏನು ಕಷ್ಟ?

ಸರ್ಕಾರಿ ಕಡತದಲ್ಲಿ ‘ಬಂಜರು’ ಅಂತ ಬರೆದಿರುವುದೆಲ್ಲ ಬಂಜರಲ್ಲ. ನಮ್ಮ ಬಯಲುಸೀಮೆಯ ಹುಲ್ಲುಗಾವಲು, ಕುರುಚಲು ಗುಡ್ಡಗಳಿಗೆ ಆ ಹಣೆಪಟ್ಟಿ ಅಂಟಿ ಬಹಳ ಕಾಲವಾಯಿತು. ತೋಳ ಇರುವುದು ಅಲ್ಲೇ. ಕೃಷ್ಣಮೃಗ, ಚಿಂಕಾರ, ಎರ್ಲಡ್ಡು ಇರುವುದೂ ಅಲ್ಲೇ. ಜೋಗಿಮಟ್ಟಿಯಂತಹ ಬಂಡೆಗುಡ್ಡಗಳಲ್ಲಿ ಹಳದಿ ಕೊರಳಿನ ಪಿಕಳಾರ ಸಿಗುತ್ತದೆ. ದಕ್ಷಿಣ ಭಾರತ ಬಿಟ್ಟು ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲದ ಹಕ್ಕಿ ಅದು. ಮರ ಇಲ್ಲ ಅಂದ ಮಾತ್ರಕ್ಕೆ ಏನೂ ಇಲ್ಲ ಅಂದುಕೊಳ್ಳುವುದು ಮಲೆನಾಡಿನ ಕಣ್ಣಲ್ಲಿ ಬಯಲುಸೀಮೆ ನೋಡಿದ ಹಾಗೆ.

ನಿಜಕ್ಕೂ ಹಾಳಾದ ಜಾಗ, ಮೊದಲೇ ಉಳುಮೆಯಾದ ಹೊಲ, ಹೆದ್ದಾರಿಯ ಪಕ್ಕ, ಈಗಾಗಲೇ ತಂತಿ ಹಾದುಹೋಗಿರುವ ಕಡೆ ಹಾಕಿದರೆ ಕಷ್ಟ ಕಮ್ಮಿ.

ಇದಕ್ಕೆಲ್ಲ ಪರಿಸರ ಅನುಮತಿ ಬೇಕಲ್ಲ, ಅವರು ನೋಡುವುದಿಲ್ಲವೇ?

ಬೇಡ. ಇದನ್ನು ಕೇಳಿ ಬಹಳ ಜನ ನಂಬುವುದಿಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ ಇಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲಿ ಇದನ್ನು ‘ಬಿಳಿ’ ವರ್ಗಕ್ಕೆ ಸೇರಿಸಿತು, ಮಾಲಿನ್ಯ ಮಾಡದ ಉದ್ಯಮ ಅಂತ. ಹೊಗೆ, ಕೊಳಚೆ ಲೆಕ್ಕದಲ್ಲಿ ಅದು ಸರಿಯೇ. ಆದರೆ ಹಕ್ಕಿ ಆ ಲೆಕ್ಕದಲ್ಲಿ ಬರುವುದಿಲ್ಲ.

ಅರಣ್ಯ ಭೂಮಿ ಬೇಕಾದರೆ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ಅಭಯಾರಣ್ಯವಾದರೆ ಇನ್ನೂ ಬಿಗಿ. ರೈತರ ಹೊಲ ಗುತ್ತಿಗೆಗೋ ಕ್ರಯಕ್ಕೋ ಪಡೆದು ಹಾಕುವುದಾದರೆ, ಮೊದಲು ಒಂದು ವರ್ಷ ಹಕ್ಕಿ ಎಣಿಸಿ ಅಂತ ಹೇಳುವ ಕಾನೂನಿಲ್ಲ. ಸಾಲ ಕೊಡುವ ಕೆಲವು ಅಂತರರಾಷ್ಟ್ರೀಯ ಬ್ಯಾಂಕುಗಳು ಕೇಳುತ್ತವೆ, ಆಗ ಅಧ್ಯಯನ ಆಗುತ್ತದೆ. ನಮ್ಮ ಹಕ್ಕಿಯ ಬಗ್ಗೆ ನಮ್ಮ ಕಾನೂನಿಗಿಂತ ಹೊರಗಿನ ಬ್ಯಾಂಕಿಗೆ ಜಾಸ್ತಿ ಕಾಳಜಿ ಇರುವುದು ನಾಚಿಕೆಯ ವಿಷಯ.

ಬೇರೆ ಕಡೆ ಶಿಕ್ಷೆಯೂ ಆಗಿದೆ. ಅಮೆರಿಕದ ವಯೋಮಿಂಗ್‌ನಲ್ಲಿ 14 ಹೊನ್ನಹದ್ದುಗಳೂ ಸೇರಿ ನೂರಕ್ಕೂ ಹೆಚ್ಚು ಹಕ್ಕಿಗಳ ಸಾವಿಗೆ 2013ರಲ್ಲಿ ಡ್ಯೂಕ್ ಎನರ್ಜಿಯ ಅಂಗಸಂಸ್ಥೆಯೊಂದು ತಪ್ಪೊಪ್ಪಿಕೊಂಡು 10 ಲಕ್ಷ ಡಾಲರ್ ಕಟ್ಟಿತು.

ಫ್ಯಾನುಗಳು ಮೋಡ ಓಡಿಸುತ್ತವೆ, ಅದಕ್ಕೇ ಮಳೆ ಇಲ್ಲ ಅಂತಾರೆ. ನಿಜವಾ?

ಇಲ್ಲ. ಮುಂಗಾರು ಮೋಡಗಳು ಸಾವಿರಾರು ಕಿಲೋಮೀಟರ್ ಹರಡಿದ ವ್ಯವಸ್ಥೆ, ಕೆಲವು ಕಿಲೋಮೀಟರ್ ಎತ್ತರದವರೆಗೆ ಬೆಳೆಯುತ್ತವೆ. ನೂರೈವತ್ತು ಮೀಟರಿನ ಕಂಬ ಅದಕ್ಕೆ ಲೆಕ್ಕಕ್ಕಿಲ್ಲ. ಜೋರು ಗಾಳಿ ಬೀಸುವ ಜಾಗ ಅಂತ ಅಲ್ಲಿ ಹಾಕಿರುತ್ತಾರೆ, ನಮ್ಮಲ್ಲಿ ಅಂತಹ ಎಷ್ಟೋ ಜಾಗ ಮಳೆ ಕಮ್ಮಿ ಬೀಳುವ ಬಯಲುಸೀಮೆಯಲ್ಲಿವೆ. ಮಳೆಯ ಕೊರತೆ ಮೊದಲೇ ಇತ್ತು, ಫ್ಯಾನು ಆಮೇಲೆ ಬಂತು.

ಕುರಿ, ದನಕ್ಕೆ?

ಅಂತಹ ತೊಂದರೆ ಇಲ್ಲ. ಮಧ್ಯಾಹ್ನದ ಬಿಸಿಲಿಗೆ ಕಂಬದ ನೆರಳಿನ ಉದ್ದಕ್ಕೂ ಸಾಲಾಗಿ ಮಲಗಿರುವ ಕುರಿಗಳನ್ನು ನೋಡಿದವರಿಗೆ ಗೊತ್ತು. ನೆರಳು ಸರಿದ ಹಾಗೆ ಅವೂ ಎದ್ದು ಸರಿದು ಮಲಗುತ್ತವೆ.

ಒಂದು ರೆಕ್ಕೆಗೆ ಕಪ್ಪು ಬಣ್ಣ ಬಳಿದರೆ ಸಾಕಂತೆ?

ನಾರ್ವೆಯ ಸ್ಮೋಲಾ ದ್ವೀಪದ ಪ್ರಯೋಗ ಅದು. ನಾಲ್ಕು ಯಂತ್ರಗಳ ಮೂರು ರೆಕ್ಕೆಗಳಲ್ಲಿ ಒಂದಕ್ಕೆ ಕಪ್ಪು ಬಣ್ಣ ಬಳಿದರು. ಪಕ್ಕದ ಬಣ್ಣ ಬಳಿಯದ ಯಂತ್ರಗಳ ಜೊತೆ ಹೋಲಿಸಿದರೆ ಹಕ್ಕಿ ಸಾವು ಶೇ 70ಕ್ಕಿಂತ ಹೆಚ್ಚು ಇಳಿಯಿತು ಅಂತ 2020ರಲ್ಲಿ ವರದಿ ಬಂತು. ಮೂರರಲ್ಲಿ ಒಂದು ಬೇರೆ ಬಣ್ಣ ಇದ್ದರೆ ಮಸುಕು ಒಡೆದು, ಏನೋ ತಿರುಗುತ್ತಿದೆ ಅಂತ ಹಕ್ಕಿಗೆ ಗೊತ್ತಾಗುತ್ತದೆ. ಒಳ್ಳೆಯ ಸುದ್ದಿ, ಆದರೆ ನಾಲ್ಕೇ ಯಂತ್ರ, ಒಂದೇ ಊರು. ನಮ್ಮ ಹಕ್ಕಿಗಳ ಮೇಲೆ, ನಮ್ಮ ಬಿಸಿಲಲ್ಲಿ ಮಾಡಿ ನೋಡಬೇಕು. ಕಪ್ಪು ಬಣ್ಣ ಬಿಸಿಲಿಗೆ ಕಾಯುತ್ತದೆ ಅನ್ನುವುದೂ ನೆನಪಿರಲಿ.

ಹಕ್ಕಿ ಬಂದಾಗ ಯಂತ್ರ ನಿಲ್ಲಿಸಿದರೆ ಕಂಪನಿಗೆ ನಷ್ಟ ಆಗಲ್ವಾ?

ಅಂದುಕೊಂಡಷ್ಟು ಆಗುವುದಿಲ್ಲ. ದಕ್ಷಿಣ ಸ್ಪೇನಿನ ತರೀಫಾ ಕಡೆ, ಆಫ್ರಿಕಾಕ್ಕೆ ಹಕ್ಕಿಗಳು ದಾಟುವ ದಾರಿಯಲ್ಲೇ ಗಾಳಿಯಂತ್ರಗಳಿವೆ. ಅಲ್ಲಿ ನೋಡುಗರನ್ನು ನಿಲ್ಲಿಸಿದರು. ರಣಹದ್ದು ಅಪಾಯದ ಕಡೆ ಬರುತ್ತಿದೆ ಅಂತ ಕಂಡರೆ ಕಂಟ್ರೋಲ್ ರೂಮಿಗೆ ಫೋನು, ಆ ಒಂದು ಯಂತ್ರ ಮಾತ್ರ ಬಂದ್. ರಣಹದ್ದುಗಳ ಸಾವು ಅರ್ಧಕ್ಕೆ ಇಳಿಯಿತು, ಕರೆಂಟು ಕಮ್ಮಿಯಾಗಿದ್ದು ಶೇ 0.07. ಈಗ ಇದೇ ಕೆಲಸವನ್ನು ಕ್ಯಾಮೆರಾಗಳು ತಾವೇ ಮಾಡುವ ವ್ಯವಸ್ಥೆಯೂ ಬಂದಿದೆ.

ಕರ್ನಾಟಕಕ್ಕೆ ಇನ್ನೊಂದು ಅನುಕೂಲ ಇದೆ. ನಮ್ಮಲ್ಲಿ ಗಾಳಿ ಜೋರು ಮುಂಗಾರಿನಲ್ಲಿ, ವರ್ಷದ ಕರೆಂಟಿನಲ್ಲಿ ದೊಡ್ಡ ಪಾಲು ಆಗಲೇ ಬರುತ್ತದೆ. ವಲಸೆ ಹದ್ದು, ಸೆಳೆವ, ಹೆಬ್ಬಾತು ಬರುವುದು ಚಳಿಗಾಲದಲ್ಲಿ, ಗಾಳಿ ಇಳಿದ ಮೇಲೆ. ಹಾಗಾಗಿ ನವೆಂಬರಿನಿಂದ ಫೆಬ್ರವರಿವರೆಗೆ ಕೆಲವು ಆಯ್ದ ಯಂತ್ರಗಳನ್ನು ಕೆಲವು ಗಂಟೆ ನಿಲ್ಲಿಸಿದರೆ ಕಳೆದುಕೊಳ್ಳುವುದು ಕಮ್ಮಿ. ಸ್ಪೇನಿನವರಿಗಿಂತ ನಮಗೇ ಇದು ಸುಲಭ.

ಹಳೆ ಯಂತ್ರ ಕಿತ್ತು ದೊಡ್ಡದು ಹಾಕುತ್ತಿದ್ದಾರೆ. ಅದು ಒಳ್ಳೆಯದೋ ಕೆಟ್ಟದೋ?

ಒಳ್ಳೆಯ ಅವಕಾಶ. ಕ್ಯಾಲಿಫೋರ್ನಿಯಾದ ಆಲ್ಟಮಾಂಟ್ ಪಾಸ್‌ನಲ್ಲಿ 1980ರ ದಶಕದಲ್ಲಿ ಸಾವಿರಾರು ಸಣ್ಣ ಯಂತ್ರ ಹಾಕಿದರು. ಹಕ್ಕಿ ಕೂರಲು ಹೇಳಿ ಮಾಡಿಸಿದಂತಹ ಕಬ್ಬಿಣದ ಜಾಲರಿ ಕಂಬ, ಕೆಳಗೆ ತುಂಬ ಹದ್ದುಗಳು ಬೇಟೆಯಾಡುವ ನೆಲದ ಅಳಿಲು. ಹೊನ್ನಹದ್ದುಗಳು ವರ್ಷಕ್ಕೆ ಹತ್ತಾರು ಸತ್ತವು. ‘ಹಕ್ಕಿಗಳ ಕಸಾಯಿಖಾನೆ’ ಅನ್ನುವ ಕುಖ್ಯಾತಿ ಶುರುವಾಗಿದ್ದೇ ಅಲ್ಲಿಂದ. ಈಗ ಅಲ್ಲಿ ಹತ್ತಾರು ಹಳೆಯದಕ್ಕೆ ಒಂದು ದೊಡ್ಡ ಯಂತ್ರ ಹಾಕಿ, ಜಾಗವನ್ನೂ ನೋಡಿ ಆರಿಸುತ್ತಿದ್ದಾರೆ.

ನಮ್ಮಲ್ಲೂ 2023ರಲ್ಲಿ ಕೇಂದ್ರ ಸರ್ಕಾರ ಹಳೆ ಯಂತ್ರ ಬದಲಿಸುವ ನೀತಿ ತಂದಿತು. ಬದಲಿಸುವಾಗ ಅದೇ ಗುಂಡಿಯಲ್ಲಿ ಹೊಸದು ನಿಲ್ಲಿಸುವ ಬದಲು, ಹದ್ದು ತೇಲುವ ಅಂಚಿನಿಂದ ಹಿಂದಕ್ಕೆ ಸರಿಸಬಹುದು. ದೊಡ್ಡ ರೆಕ್ಕೆ ಆಕಾಶದಲ್ಲಿ ಜಾಸ್ತಿ ಜಾಗ ಗುಡಿಸುತ್ತದೆ ಅನ್ನುವುದೂ ನಿಜ. ಒಟ್ಟು ಯಂತ್ರಗಳ ಸಂಖ್ಯೆ ಇಳಿದರೆ ಮಾತ್ರ ಲಾಭ.

ಹಾಗಾದರೆ ಗಾಳಿಯಂತ್ರವೇ ಬೇಡ ಅಂತೀರಾ?

ಇಲ್ಲ. ಕರೆಂಟು ಎಲ್ಲಿಂದಾದರೂ ಬರಬೇಕು. ಕಲ್ಲಿದ್ದಲು ಅಂದರೆ ಗಣಿ, ಹಾರುಬೂದಿ, ಬಿಸಿಯಾಗುವ ಭೂಮಿ. ಜಲವಿದ್ಯುತ್ ಅಂದರೆ ಮುಳುಗುವ ಕಾಡು. ನೀರನ್ನು ಮೇಲಕ್ಕೆ ಪಂಪ್ ಮಾಡಿ, ಮತ್ತೆ ಕೆಳಗೆ ಬಿಟ್ಟು ಕರೆಂಟ್ ತೆಗೆಯುವ ಶರಾವತಿ ಕಣಿವೆಯ ಪಂಪ್ಡ್ ಸ್ಟೋರೇಜ್ ಯೋಜನೆಗೆ ಸಿಂಗಳೀಕಗಳ ಅಭಯಾರಣ್ಯವೇ ಬೇಕಾಗಿದೆ. ಸೋಲಾರ್ ಪಾರ್ಕ್ ಅಂದರೆ ಪಾವಗಡದ ಹಾಗೆ 13,000 ಎಕರೆ ಪೂರ್ತಿ ಫಲಕ. ಗಾಳಿಯಂತ್ರದ ಬುಡದಲ್ಲಿ ಜೋಳ ಬೆಳೆಯಬಹುದು, ಕುರಿ ಮೇಯಿಸಬಹುದು. ಇವುಗಳಲ್ಲಿ ಒಂದನ್ನು ಆರಿಸು ಅಂದರೆ ನಾನು ಗಾಳಿಯನ್ನೇ ಆರಿಸುತ್ತೇನೆ, ಆದರೆ ಕಪ್ಪತಗುಡ್ಡದ ನೆತ್ತಿಯಲ್ಲಿ ಅಲ್ಲ.

ನಮ್ಮೂರ ಪಕ್ಕ ಹೊಸ ಯೋಜನೆ ಬರುತ್ತಿದೆ. ಏನು ಕೇಳಬೇಕು?

ಬೇಕು, ಬೇಡ ಅನ್ನುವುದಕ್ಕೆ ಮೊದಲು ಒಂದು ನಕಾಶೆ ಕೇಳಿ. ಯಂತ್ರದ್ದಷ್ಟೇ ಸಾಲದು, ರಸ್ತೆ ಮತ್ತು ತಂತಿ ಎಲ್ಲೆಲ್ಲಿ ಹೋಗುತ್ತವೆ ಅನ್ನುವುದೂ ಇರಬೇಕು. ಚಳಿಗಾಲದಲ್ಲಿ ಹಕ್ಕಿ ಸಮೀಕ್ಷೆ ಮಾಡಿದ್ದೀರಾ ಅಂತ ಕೇಳಿ. ಬೇಸಿಗೆಯಲ್ಲಿ ಎರಡು ದಿನ ಬಂದು ಹೋಗಿ ‘ವಿಶೇಷ ಹಕ್ಕಿ ಇಲ್ಲ’ ಅಂತ ಬರೆದ ವರದಿಗೆ ಬೆಲೆ ಇಲ್ಲ. ತಂತಿಗೆ ಡೈವರ್ಟರ್ ಹಾಕುತ್ತೀರಾ, ಯಂತ್ರ ಶುರುವಾದ ಮೇಲೆ ಸತ್ತ ಹಕ್ಕಿ ಎಣಿಸುವವರು ಯಾರು, ಆ ವರದಿ ಪಂಚಾಯಿತಿಗೆ ಕೊಡುತ್ತೀರಾ ಅಂತಲೂ ಕೇಳಿ.

‘ಅವಿಸ್ಟೆಪ್’ ಅನ್ನುವ ಉಚಿತ ಆನ್‌ಲೈನ್ ನಕಾಶೆ ಇದೆ, ಬರ್ಡ್‌ಲೈಫ್ ಇಂಟರ್‌ನ್ಯಾಷನಲ್ 2022ರಲ್ಲಿ ಹೊರತಂದದ್ದು. ಭಾರತದ ಯಾವ ಜಾಗದಲ್ಲಿ ಗಾಳಿಯಂತ್ರ ಹಾಕಿದರೆ ಹಕ್ಕಿಗಳಿಗೆ ಎಷ್ಟು ಅಪಾಯ ಅಂತ ಬಣ್ಣದಲ್ಲಿ ತೋರಿಸುತ್ತದೆ. ನಿಮ್ಮ ಊರಿನ ಬಣ್ಣ ನೋಡಿಕೊಂಡು ಸಭೆಗೆ ಹೋಗಿ. ಮತ್ತೆ, ಊರಿನ ಕುರಿಗಾಹಿಗಳನ್ನು ಕರೆದುಕೊಂಡು ಹೋಗಿ. ತೋಳ ಎಲ್ಲಿ ಮರಿ ಹಾಕುತ್ತದೆ, ಹದ್ದಿನ ಗೂಡು ಯಾವ ಬಂಡೆಯಲ್ಲಿ ಅನ್ನುವುದು ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ.

ಯಂತ್ರದ ಕೆಳಗೆ ಸತ್ತ ಅಥವಾ ಗಾಯಗೊಂಡ ಹಕ್ಕಿ ಸಿಕ್ಕರೆ?

ಮೊದಲು ಇದ್ದ ಹಾಗೇ ಫೋಟೋ ತೆಗೆಯಿರಿ: ಒಂದು ಹತ್ತಿರದಿಂದ, ಒಂದು ಹಿಂದಿನ ಯಂತ್ರ ಕಾಣುವ ಹಾಗೆ. ಕಂಬದ ಮೇಲೆ ಬರೆದಿರುವ ನಂಬರ್ ಕೂಡ ಬರಲಿ. ಫೋನಿನಲ್ಲಿ ಲೊಕೇಶನ್ ಆನ್ ಇರಲಿ. ಗಾತ್ರ ಗೊತ್ತಾಗಲು ಪಕ್ಕದಲ್ಲಿ ಪೆನ್ನೋ ಕೈಯೋ ಇಡಿ, ಬರಿಗೈಯಲ್ಲಿ ಮಾತ್ರ ಮುಟ್ಟಬೇಡಿ. ಪುಕ್ಕವನ್ನೂ ಮನೆಗೆ ತರಬೇಡಿ, ವನ್ಯಜೀವಿ ಕಾಯ್ದೆಯಡಿ ಅದೂ ತಪ್ಪಾಗಬಹುದು.

ಜೀವ ಇದ್ದರೆ ಗಾಳಿಯಾಡುವ ರಟ್ಟಿನ ಡಬ್ಬ ಮುಚ್ಚಿ, ಕತ್ತಲು ಮಾಡಿ, ನೆರಳಿನಲ್ಲಿಡಿ. ಬಾಯಿಗೆ ನೀರು ಹಾಕಬೇಡಿ, ಶ್ವಾಸಕ್ಕೆ ಹೋಗುತ್ತದೆ. ಹದ್ದಾದರೆ ಕೊಕ್ಕಿಗಿಂತ ಉಗುರಿಗೆ ಹೆದರಿ, ಮೇಲೆ ದಪ್ಪ ಬಟ್ಟೆ ಹಾಕಿ ಹಿಡಿಯಿರಿ. ಅರಣ್ಯ ಇಲಾಖೆಯ ಸಹಾಯವಾಣಿ 1926. ಫೋನ್ ಮಾಡಿ ದೂರಿನ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಫೋಟೋವನ್ನು, ಕಂಡ ಜೀವಿಗಳನ್ನು ಜನರೇ ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣದಲ್ಲೂ ಹಾಕಿದರೆ, ಮುಂದೆ ಆ ಗುಡ್ಡದ ಲೆಕ್ಕ ಹಾಕುವವರಿಗೆ ಸಿಗುತ್ತದೆ.